ನಮ್ಮ ಮಾಮಾನ ಕಾಣದ ಮಂದಿ

ನಮ್ಮ ಮಾಮಾ ಕಣ್ಣಿಗೆ ಕಾಣದವರಿಗೆ ಮಾತ್ರ ಮರ್ಯಾದೆ ಕೊಡುವ ಮನುಷ್ಯ. ಕಾಣುವವರೆಲ್ಲ ಅವನಿಗೆ ‘ಏ’, ‘ಲೇ’, ‘ನೀ’. ಊರಿನ ಹಿರಿಯರು ಬಿಳಿ ಧೋತರ ಉಟ್ಟು ಮನೆಗೆ ಬಂದರೂ “ಬಾರೋ, ಕುಂದರು” ಎಂದು ಕಂಬಳಿ ತೋರಿಸಿ ಮುಗಿಸುತ್ತಾನೆ. ಆದರೆ ಪಡಸಾಲೆಯ ಮೂಲೆಯಲ್ಲಿಟ್ಟ ನೀಲಿ ಬಕೀಟಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತನೆಂದರೆ ಮಾತಿನ ಧಾಟಿಯೇ ಬೇರೆ. “ಏಳ್ರಿ, ಬೆಲ್ಲಾ ತಂದೀನಿ. ಹಸಿವಾಗಿರಬೇಕು. ಸಾವಕಾಶ ಊಟಾ ಮಾಡ್ರಿ.” ನಾನು ಕಿವಿಯಾರೆ ಕೇಳಿದ್ದೇನೆ! ಬಕೀಟಿನೊಳಗೆ ಇದ್ದದ್ದು ಕಂದು ಬಣ್ಣದ ನೀರು, ಮೇಲೊಂದಿಷ್ಟು ನೊರೆ. ಅದರೊಳಗೆ ಇದ್ದವರು ಸೂಕ್ಷ್ಮಜೀವಿಗಳು. ಅವರನ್ನು ಮಾಮಾ ಕರೆಯುವುದು ‘ನಮ್ಮ ಮಂದಿ’ ಎಂದು.

ಅವನಿಗೆ ನಾನೂ ಇಲ್ಲಿ ಬಹುವಚನ ಹಚ್ಚುವುದಿಲ್ಲ. ನಮ್ಮ ಕಡೆ ಅವ್ವನ ತಮ್ಮನನ್ನು ‘ಅವರು’ ಎಂದರೆ, ಇವರ ನಡುವೆ ಏನೋ ಮನಸ್ತಾಪ ಬಂತು ಅಂತ ಓಣಿಯವರು ತಿಳಿಯುತ್ತಾರೆ.

ಮಾಮಾ ಸರಕಾರಿ ಬಸ್ಸಿನ ಕಂಡಕ್ಟರನಾಗಿದ್ದವನು. ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ಆಯುಷ್ಯವೆಲ್ಲ ಓಡಾಡಿ, ಪೆನ್ಶನ್ ಬಂದ ಮೇಲೆ ಕೊಣ್ಣೂರ ಹೊರಗಿನ ತನ್ನ ಹೊಲದಲ್ಲಿ ಹಸಿರು ನೆರಳುಪರದೆ ಕಟ್ಟಿಕೊಂಡು ನರ್ಸರಿ ಮಾಡಿದ. ಆ ಪರದೆಯ ಅಂಚು ಹೊಲಿದುಕೊಟ್ಟವಳು ನಾನೇ. ಗೋಕಾಕದಲ್ಲಿ ನನ್ನದೊಂದು ಹೊಲಿಗೆ ಅಂಗಡಿಯಿದೆ. ಮದುವೆ ಸೀಜನ್ನಿನಲ್ಲಿ ಬ್ಲೌಸುಗಳ ರಾಶಿ ಬದಿಗೆ ಸರಿಸಿ ಮಾಮಾನ ಪರದೆ ಹೊಲಿದಿದ್ದೇನೆ. ಕೂಲಿ ಏನು ಕೊಟ್ಟ ಅಂತೀರಾ? ಎರಡು ಬಾಳೆಸಸಿ ಕೊಟ್ಟ. ನಾನಿರುವುದು ಮಾಳಿಗೆ ಮೇಲೆ, ಬಾಡಿಗೆ ಖೋಲಿಯಲ್ಲಿ!

ಅವನ ನರ್ಸರಿ ಸಾದಾ ನರ್ಸರಿಯಲ್ಲ. ಲ್ಯಾಬಿನಲ್ಲಿ ಗಾಜಿನ ಬಾಟಲಿಯೊಳಗೆ ಹುಟ್ಟಿದ ಬಾಳೆಸಸಿಗಳನ್ನು ತಂದು, ಅವಕ್ಕೆ ಮಣ್ಣು, ಗಾಳಿ, ಬಿಸಿಲು ರೂಢಿ ಮಾಡಿಸಿ ರೈತರಿಗೆ ಕೊಡುವುದು ಅವನ ಕಸುಬು. ಬಾಟಲಿಯೊಳಗೆ ಈ ಸಸಿಗಳು ಭಾರಿ ಸುಖದಲ್ಲಿರುತ್ತವೆ. ಕಾಲಡಿಗೆ ಸಕ್ಕರೆ ಹಾಕಿದ ಜಿಗುಟು ಪಾಕ, ಮೇಲೆ ಟ್ಯೂಬ್‌ಲೈಟು, ಧೂಳಿಲ್ಲ, ರೋಗವಿಲ್ಲ, ಒಂದು ಕ್ರಿಮಿ ಸಹ ಇಲ್ಲ. ಅಷ್ಟು ಸುಖ ಯಾರಿಗೆ ತಾಳುತ್ತದೆ ಹೇಳಿ? ಹೊರಗೆ ತೆಗೆದು ಮಣ್ಣಿಗಿಟ್ಟರೆ ಎರಡು ದಿನ ನಗುನಗುತ್ತ ನಿಂತು ಮೂರನೆಯ ದಿನಕ್ಕೆ ಕುತ್ತಿಗೆ ಬಾಗಿಸಿ ಮಲಗಿಬಿಡುತ್ತವೆ. ಮೊದಲ ಸಲ ಮಾಮಾ ತಂದ ಸಸಿಗಳು ಮುಕ್ಕಾಲು ಪಾಲು ಹಾಗೆಯೇ ಹೋದವು. ಅವನು ಟ್ರೇ ಮುಂದೆ ನಿಂತು, ತುಂಬಿದ ಬಸ್ಸಿನಲ್ಲಿ ಕೂಗಿದ ಹಾಗೆ, “ಹಿಡಕೊಳ್ರಲೇ, ಗಟ್ಟಿ ಹಿಡಕೊಳ್ರಿ!” ಎಂದು ಕೂಗಿದನಂತೆ. ಹಿಡಿದುಕೊಳ್ಳಲು ಅವಕ್ಕೆ ಬೇರಿನಲ್ಲಿ ಬಲವೇ ಇರಲಿಲ್ಲ.

ಆಮೇಲೆ ಮೂಡಲಗಿಯಲ್ಲಿ ರೈತರಿಗೊಂದು ತರಬೇತಿ ನಡೆಯಿತು. ಅಲ್ಲಿ ಯಾರೋ ತಿಳಿಸಿ ಹೇಳಿದರಂತೆ: ಮಣ್ಣಿನಲ್ಲಿ ಬೇರಿಗೆ ನೆರವಾಗುವ ಸಣ್ಣ ಜೀವಿಗಳಿರುತ್ತವೆ. ಕೆಲವು ಬೇರಿಗೆ ಅಂಟಿಕೊಂಡು ದೂರದಿಂದ ನೀರು, ಸಾರ ಎಳೆದು ತಂದು ಕೊಡುತ್ತವೆ. ಕೆಲವು ಕೊಳೆರೋಗ ತರುವ ಬೂಜನ್ನು ಬೇರಿನ ಹತ್ತಿರ ಬರಗೊಡುವುದಿಲ್ಲ. ಬಾಟಲಿಯಲ್ಲಿ ಬೆಳೆದ ಸಸಿಗೆ ಈ ಬಳಗವೇ ಇಲ್ಲ. ಹೊರಗೆ ಬಂದ ದಿನವೇ ಅದಕ್ಕೆ ಒಳ್ಳೆಯ ಜೀವಿಗಳ ಜೊತೆ ಮಾಡಿಕೊಟ್ಟರೆ ಬದುಕುತ್ತದೆ. ಇಷ್ಟು ಕೇಳಿಸಿಕೊಂಡ ಮಾಮಾ ಜೀವಿಗಳ ಪುಡಿಯ ಚೀಲ ಹೆಗಲಿಗೇರಿಸಿಕೊಂಡು ಮನೆಗೆ ಬಂದವನು ದೀಕ್ಷೆ ತೆಗೆದುಕೊಂಡವನಂತಿದ್ದ. ಖರೆ ಹೇಳಬೇಕೆಂದರೆ ಅವನ ಸಸಿಗಳು ಆಮೇಲೆ ಬದುಕತೊಡಗಿದವು. ತಲೆ ಕೆಟ್ಟದ್ದು ಅವನದು ಮಾತ್ರ.

ಒಂದು ಸಲ ಮೂಡಲಗಿಯ ಗೆಳೆಯನ ಹತ್ತಿರ ಬೆಲ್ಲದ ನೀರಿನಲ್ಲಿ ಬೆಳೆಸಿದ ‘ಮಂದಿ’ಯನ್ನು ಕ್ಯಾನಿನಲ್ಲಿ ತುಂಬಿಕೊಂಡು ಬಸ್ಸು ಹತ್ತಿದ. ನಾನೂ ಜೊತೆಗಿದ್ದೆ, ನನ್ನ ಕರ್ಮ. ಬ್ಯಾಸಗಿಯ ಬಿಸಿಲು. ಕ್ಯಾನು ಕಿಡಕಿಯ ಬಾಜೂ ಸೀಟಿನಲ್ಲಿ ರಾಜನ ಹಾಗೆ ಕುಳಿತಿತ್ತು, ನಾವಿಬ್ಬರೂ ಜೋತಾಡುತ್ತ ನಿಂತಿದ್ದೆವು. ಅರ್ಧ ದಾರಿಗೆ ಢಬ್ ಎಂದು ಮುಚ್ಚಳ ಹಾರಿ ಮುಂದಿನ ಸೀಟಿನ ಅಜ್ಜನ ತಲೆಯ ಪಟಕಾಕ್ಕೆ ಬಡಿಯಿತು! ಬಸ್ಸಿನ ತುಂಬ ಹುಳಿ ಹುಳಿ ವಾಸನೆ. ಕಂಡಕ್ಟರ್ ಓಡಿ ಬಂದ. ಮಾಮಾನ ಕೈಕೆಳಗೆ ಕೆಲಸ ಕಲಿತ ಹುಡುಗನೇ.

“ಕಾಕಾ, ಕಳ್ಳು-ಸೆರಿ ಒಯ್ಯಾಕತ್ತೀರೇನ್ರಿ?”

“ಸೆರಿ ಅಲ್ಲಲೇ! ಒಳಗ ಜೀವ ಅದಾವ, ಜೀವ! ಕೋಟಿಗಟ್ಟಲೆ ಅದಾವ!”

“ಜೀವ ಅದಾವ ಅಂದ ಮ್ಯಾಲ ಟಿಕೀಟ ತಗೀಬೇಕಲ್ರಿ. ನೀವs ಅಲ್ರಿ ಕಲಿಸಿದ್ದು, ಕೋಳಿ ಇದ್ರೂ ಬಿಡಬ್ಯಾಡ ಅಂತ?”

ಮಾಮಾ ತೆಪ್ಪಗೆ ಕಿಸೆಗೆ ಕೈಹಾಕಿದ. ಕೋಟಿ ಜನಕ್ಕೂ ಸೇರಿಸಿ ಒಂದೇ ಅರ್ಧ ಟಿಕೀಟು ಹರಿದು ಹುಡುಗ ದೊಡ್ಡ ಮನಸ್ಸು ಮಾಡಿದ.

ಮನೆಯಲ್ಲಿ ನಮ್ಮ ಅತ್ತಿಯ ಪಾಡು ಕೇಳಲೇಬೇಡಿ. ಮಾಮಾನ ಹೆಂಡತಿಯಾದ ಈ ಅತ್ತಿಗೆ ಸ್ವಚ್ಛತೆಯ ಹುಚ್ಚು. ಫಿನೈಲ್ ಹಾಕಿ ಒರೆಸದ ನೆಲದ ಮೇಲೆ ಆಕೆ ಕಾಲೂರುವುದಿಲ್ಲ. ಮಾಮಾನಿಗೆ ಫಿನೈಲ್ ವಾಸನೆ ಬಂದರೆ ಮನೆಗೆ ಬೆಂಕಿ ಬಿದ್ದ ಹಾಗೆ. “ಏ, ನಮ್ಮ ಮಂದಿ ಅದಾರ ಅಲ್ಲಿ! ಕೊಲ್ಲಬೇಕಂತ ಮಾಡೀಯೇನು?” ಎಂದು ಬಕೀಟನ್ನು ಕಂಕುಳಲ್ಲಿಟ್ಟುಕೊಂಡು ಅಂಗಳಕ್ಕೆ ಓಡುತ್ತಾನೆ. ಅತ್ತಿ ಒರೆಸುವ ಅರಿವೆ ಕೈಯಲ್ಲಿ ಹಿಡಿದೇ ನನ್ನ ಕಡೆ ತಿರುಗುತ್ತಾಳೆ. “ನೋಡಿದೇನವಾ? ಇವರ ಮಂದಿಗೆ ಪಡಸಾಲ್ಯಾಗ ಜಾಗಾ ಐತಿ. ನನ್ನ ತವರ್ಮನಿ ಮಂದಿ ಬಂದ್ರ ಜಾಗಾ ಸಾಲೂದಿಲ್ಲಂತ!”

ಈ ದಂಪತಿಗೆ ಒಬ್ಬಳೇ ಮಗಳು, ನೀಲಾ. ಅಪ್ಪನ ಕಣ್ಣಿನ ಗೊಂಬೆ. ಓದು ಮುಗಿಸಿ ಹುಕ್ಕೇರಿ ಕಡೆಯ ಒಂದು ಸಣ್ಣ ಖಾಸಗಿ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು, ಅಲ್ಲಿಯೇ ಖೋಲಿ ಮಾಡಿಕೊಂಡಿದ್ದಳು. ಬಾಟಲಿಯೊಳಗೆ ಸಸಿ ಹುಟ್ಟಿಸುವುದೇ ಆಕೆಯ ಕೆಲಸ. ಮಗಳು ಬಾಟಲಿಯೊಳಗೆ ಬೆಳೆಸುವುದು, ಅಪ್ಪ ಬಾಟಲಿಯ ಹೊರಗೆ ಬೆಳೆಸುವುದು. ಇದಕ್ಕಿಂತ ಚಂದದ ಭಾಗೀದಾರಿಕೆ ಎಲ್ಲಿ ಸಿಕ್ಕೀತು ಎಂದು ನಾವೆಲ್ಲ ಹಿಗ್ಗಿದ್ದೆವು.

ನೀಲಾಳಿಗೆ ಒಂದು ಆಸೆಯಿತ್ತು. ಕೊಣ್ಣೂರ ಹೊಳೆದಂಡೆಯಲ್ಲಿ ಹಿಂದೆ ಒಂದು ಜವಾರಿ ಬಾಳೆ ಬೆಳೆಯುತ್ತಿತ್ತು. ಗಿಡ್ಡ ಗೊನೆ, ತೆಳು ಸಿಪ್ಪೆ. ಹಣ್ಣಾದರೆ ಓಣಿಗೆಲ್ಲ ಗೊತ್ತಾಗುವಂಥ ವಾಸನೆ. ಸೊರಗುರೋಗ ಬಂದು ಗಡ್ಡೆಗಡ್ಡೆಯೇ ಕೊಳೆತು, ಊರಲ್ಲಿ ಒಂದೆರಡು ಬುಡ ಉಳಿದಿದ್ದವು. ರೋಗವಿಲ್ಲದ ಒಂದು ಮರಿಕಂದನ್ನು ಹುಡುಕಿ ಒಯ್ದು, ಮ್ಯಾನೇಜರನಿಗೆ ದುಂಬಾಲು ಬಿದ್ದು, ಲ್ಯಾಬಿನಲ್ಲಿ ಒಂದು ಕಪಾಟು ಬಿಡಿಸಿಕೊಂಡಳು. ಮಾರಾಟದ ತಳಿ ಬಿಟ್ಟು ಇದೇನು ಹುಚ್ಚು ಎಂದು ಉಳಿದವರು ನಕ್ಕರು. ಆಕೆ ಕೇಳಲಿಲ್ಲ. ಅಪ್ಪನ ಮಗಳಲ್ಲವೆ! ತುಣುಕು ಮಾಡಿ, ಬಾಟಲಿ ಬದಲಿಸಿ, ಮತ್ತೆ ತುಣುಕು ಮಾಡಿ, ಅಂತೂ ಕಪಾಟಿನ ತುಂಬ ಹಸಿರು ಚಿಗುರು ನಿಲ್ಲಿಸಿದಳು. ಅವು ಹೊರಗೆ ಬಂದು ಬದುಕಿದರೆ ಆ ಕೆಲಸ ಆಕೆಯ ಹೆಸರಿನಲ್ಲಿ ಮುಂದುವರಿಯುತ್ತದೆ ಎಂದು ಮ್ಯಾನೇಜರ್ ಒಪ್ಪಿದ್ದ. ನೀಲಾ ಅದೊಂದನ್ನೇ ನೆಚ್ಚಿಕೊಂಡಿದ್ದಳು.

“ಅಪ್ಪಾ, ಒಮ್ಮೆ ನೋಡಾಕ ಬಾ,” ಎಂದು ಕರೆದವಳು ಆಕೆಯೇ.

ಮಾಮಾ ಹೊಸ ಅಂಗಿ ತೊಟ್ಟ. ಬುತ್ತಿ ಕಟ್ಟಿಸಿದ. ನಾನೂ ಹೋದೆ. ಲ್ಯಾಬಿನಲ್ಲಿ ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ಗಾಜಿನಿಂದಲೇ ನೋಡಬೇಕು. ಆದರೂ ಅಪ್ಪನೆಂದು ನೀಲಾ ಅವನ ಕೈಕಾಲು ತೊಳೆಸಿ, ಬಿಳಿ ಕೋಟು ಹಾಕಿ, ತಲೆಗೆ ಟೊಪ್ಪಿಗೆ ಕಟ್ಟಿ ಕಪಾಟಿನ ಮುಂದೆ ನಿಲ್ಲಿಸಿದಳು. ನಾನು ಗಾಜಿನ ಈಚೆ ನಿಂತಿದ್ದೆ. ಅಷ್ಟರಲ್ಲಿ ಮ್ಯಾನೇಜರ್ ಆಕೆಯನ್ನು ಕರೆದ. “ಏನೂ ಮುಟ್ಟಬ್ಯಾಡ,” ಎಂದು ಹೇಳಿ ಹೋದಳು.

ನಮ್ಮ ಮನೆತನದ ರೂಢಿ ಹೇಳಬೇಕು. ಹೊಸದು ಏನೇ ಬಂದರೂ ಮೊದಲು ಅದಕ್ಕೆ ವಿಭೂತಿ ಹಚ್ಚುತ್ತೇವೆ. ಕೂಸಿಗೆ, ಕರುವಿಗೆ, ಸ್ಕೂಟರಿಗೆ, ಮಿಕ್ಸರಿಗೆ. ನನ್ನ ಹೊಲಿಗೆ ಮಶೀನಿಗೂ ಮೂರು ಪಟ್ಟೆ ಎಳೆದವನು ಇದೇ ಮಾಮಾ. ಮಗಳ ಕೈಯಲ್ಲಿ ಹುಟ್ಟಿದ ಇಷ್ಟು ಕೂಸುಗಳನ್ನು ನೋಡಿ ಬರಿಗೈಯಲ್ಲಿ ಹೇಗೆ ಬರುತ್ತಾನೆ? ಕೋಟಿನೊಳಗೆ ಕೈಹಾಕಿ ಅಂಗಿಯ ಕಿಸೆಯಿಂದ ವಿಭೂತಿ ಗಟ್ಟಿ ತೆಗೆದ. ಒಂದೊಂದೇ ಬಾಟಲಿಯ ಮುಚ್ಚಳ ಎತ್ತಿ, ಒಂದು ಚಿಟಿಕೆ ಒಳಗೆ ಉದುರಿಸಿ, ಕಣ್ಣು ಮುಚ್ಚಿ ಕೈಮುಗಿದು, ಮತ್ತೆ ಮುಚ್ಚುತ್ತ ಹೋದ. ಎಂಥ ಭಕ್ತಿ, ಎಂಥ ಶಿಸ್ತು! ಬಾಗಿಲು ಹಾಕಿದೊಡನೆ ತಾನೇ ಬೀಗ ಬೀಳುವಂಥದ್ದು, ಕೀಲಿ ನೀಲಾಳ ಹತ್ತಿರವಿತ್ತು. ನಾನು ಗಾಜು ಬಡಿದೆ, ಕೈಬೀಸಿ ಬೇಡ ಬೇಡ ಎಂದೆ. ಅವನು ಮುಗುಳ್ನಕ್ಕು ತಲೆಯಾಡಿಸಿದ. ನನ್ನ ಪಾಲಿನದೂ ಸೇರಿಸಿ ಹಚ್ಚಬೇಕೆಂದು ಹೇಳುತ್ತಿದ್ದೇನೆ ಎಂದುಕೊಂಡನಂತೆ. ಮೇಲಿನ ಹಲಗೆ ಮಾತ್ರ ಅವನ ಕೈಗೆ ನಿಲುಕಲಿಲ್ಲ. ನಮ್ಮ ಮಾಮಾ ಗಿಡ್ಡ, ಅದೊಂದೇ ಆ ದಿನದ ಪುಣ್ಯ.

ನೀಲಾ ಒಳಗೆ ಬಂದು ನೋಡಿದಳು. ಅಪ್ಪನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು.

ವಿಭೂತಿಯ ಜೊತೆ ಅವನ ಕಿಸೆಯ, ಕೈಯ ಕಾಣದ ಮಂದಿಯೂ ಒಳಗೆ ಇಳಿದಿದ್ದರು. ವಾರ ತುಂಬುವುದರೊಳಗೆ ಬಾಟಲಿಗಳಲ್ಲಿ ಬೂಜು ಬಂತು. ಬಿಳಿ, ಹಸಿರು, ಕಪ್ಪು. ಸಕ್ಕರೆ ಪಾಕ ಸಿಕ್ಕರೆ ಬೂಜು ಬಿಡುತ್ತದೆಯೆ? ಚಿಗುರುಗಳನ್ನು ಮುಚ್ಚಿ ಮೇಲೆ ಬೆಳೆಯಿತು. ಬಾಟಲಿಯ ಹೊರಗೆ ಸಸಿಗೆ ಅಮೃತವಾದ ಬಳಗವೇ ಬಾಟಲಿಯೊಳಗೆ ಮೃತ್ಯು ಎಂಬುದು ಮಾಮಾನಿಗೆ ಆಗಲೇ ತಿಳಿದದ್ದು. ಕಪಾಟೆಲ್ಲ ತೊಳೆದು ಹಾಕಿದರು. ಮೇಲಿನ ಹಲಗೆಯ ಬಾಟಲಿಗಳಷ್ಟೇ ಉಳಿದವು. “ಇವಿಷ್ಟು ಬೇರು ಬಿಟ್ಟು ಮಣ್ಣಾಗ ನಿಂತ್ರ ನೋಡೋಣು. ಇಲ್ಲಂದ್ರ ಆ ಕಪಾಟು ಬಿಡು,” ಎಂದ ಮ್ಯಾನೇಜರ್. ಅಲ್ಲಿಯವರೆಗೆ ನೀಲಾಳಿಗೆ ಬಾಟಲಿ ತೊಳೆಯುವ ಕೆಲಸ.

ಆಕೆ ಅಪ್ಪನಿಗೆ ಫೋನಿನಲ್ಲಿ ಒಂದೇ ಮಾತು ಹೇಳಿದಳು. “ನಿನ್ನ ಮಂದಿ ನನ್ನ ಹೊಟ್ಟಿ ಮ್ಯಾಲ ಹೊಡದ್ರು.” ಅಲ್ಲಿಗೆ ಮಾತು ನಿಂತಿತು.

ಆಮೇಲೆ ಆಕೆ ಊರಿಗೆ ಬರುವುದು ಬಿಟ್ಟಳು. ಫೋನು ಅವ್ವನಿಗೆ ಮಾತ್ರ. ಅತ್ತಿ ಫೋನಿನ ಸ್ಪೀಕರ್ ಹಾಕುತ್ತಿದ್ದಳು, ಮಾಮಾ ಬಾಜೂ ಬಂದು ಕುಳಿತು, ಟವೆಲ್ಲಿನ ತುದಿ ಬಾಯಿಗೆ ಒತ್ತಿಕೊಂಡು ಕೇಳುತ್ತಿದ್ದ. ಒಮ್ಮೆ ಅವನಿಗೆ ಕೆಮ್ಮು ತಡೆಯಲಾಗಲಿಲ್ಲ.

“ಯವ್ವಾ, ಅವ ಅಲ್ಲೇ ಕುಂತಾನೇನು?”

“ಇಲ್ಲವಾ, ಎಮ್ಮಿ ಕೆಮ್ಮಿತು.”

ನಗಬೇಕೋ ಅಳಬೇಕೋ? ಅವರ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ, ಅದು ನೀಲಾಳಿಗೂ ಗೊತ್ತಿತ್ತು. ಆದರೂ ಆಕೆ ಕೂಡಲೇ ಫೋನು ಇಡಲಿಲ್ಲ. ಅದನ್ನೇ ಮಾಮಾ ನನಗೆ ನಾಲ್ಕು ಸಲ ಹೇಳಿದ. “ಇಡಲಿಲ್ಲ ನೋಡು, ಲಗೂನ ಇಡಲಿಲ್ಲ.”

ಉಳಿದ ಸಸಿಗಳು ಬಾಟಲಿಯಲ್ಲಿ ಬೇರು ಬಿಟ್ಟವು. ಈಗ ಹೊರಗೆ ತೆಗೆಯಬೇಕು. ಅಷ್ಟು ಸಣ್ಣ ಪ್ರಮಾಣದ, ಮಾರಾಟಕ್ಕಿಲ್ಲದ ಸಸಿಗಳನ್ನು ಯಾವ ದೊಡ್ಡ ನರ್ಸರಿಯೂ ಹಿಡಿಯಲಿಲ್ಲ. ನೀಲಾ ನನ್ನನ್ನು ಘಟಪ್ರಭಾ ಸ್ಟೇಶನ್ನಿಗೆ ಬರಹೇಳಿ, ಬಾಟಲಿಗಳಿದ್ದ ರಟ್ಟಿನ ಖೊಕ್ಕಾ ಕೈಗೆ ಕೊಟ್ಟಳು. ಆಕೆಯ ಬೆರಳುಗಳು ಬಾಟಲಿ ತೊಳೆದು ತೊಳೆದು ಬಿರಿದಿದ್ದವು.

“ಅಪ್ಪನ ಕೈಯಾಗ ಕೊಡು. ಅವನಷ್ಟು ಚೊಲೋ ಯಾರೂ ಬೆಳಸೂದಿಲ್ಲ.”

“ನೀನs ಹೇಳಿದ್ರ ಅವಗ ಎಷ್ಟು ಖುಷಿ ಆಗ್ತೈತಿ ಗೊತ್ತೈತೇನು?” ಎಂದೆ.

“ಮಾತಾಡಂತ ಹೇಳಬ್ಯಾಡ. ನನಗ ಆಗೂದಿಲ್ಲ,” ಎಂದಳು. ರೈಲು ಬಂದು ಗದ್ದಲವಾಯಿತು. ಆಕೆ ಹುಕ್ಕೇರಿ ಬಸ್ಸಿನ ಕಡೆ ಹೊರಟುಹೋದಳು.

ಖೊಕ್ಕಾ ನೋಡಿದ ಮಾಮಾ ಅದನ್ನು ಮುಟ್ಟಲಿಲ್ಲ. ಎರಡೂ ಕೈ ಹಿಂದೆ ಕಟ್ಟಿಕೊಂಡು ದೂರ ನಿಂತ. ನಾನು ಅವನನ್ನು ಹಾಗೆ ಎಂದೂ ಕಂಡಿರಲಿಲ್ಲ. ಒಂದು ಹಾಸ್ಯವಿಲ್ಲ, ಒಂದು ‘ಲೇ’ ಇಲ್ಲ. “ನನ್ನ ಕೈ ಬ್ಯಾಡ. ನೀ ತಗಿ, ನಾ ಹೇಳ್ತೀನಿ,” ಎಂದ. ಅವನು ಹೇಳಿದ ಹಾಗೆ ನಾನು ಸಸಿ ಹೊರಗೆ ತೆಗೆದೆ. ಉಗುರುಬೆಚ್ಚನೆಯ ನೀರಿನಲ್ಲಿ ಬೇರಿಗಂಟಿದ ಪಾಕ ತೊಳೆದೆ. ಚೂರು ಉಳಿದರೂ ಕೊಳೆ ಹತ್ತುತ್ತದಂತೆ. ಆಮೇಲೆ ಬೇರನ್ನು ಜೀವಿಗಳ ನೀರಿನಲ್ಲಿ ಅದ್ದಿ, ತೆಂಗಿನ ನಾರಿನ ಪುಡಿ, ಕಳಿತ ಗೊಬ್ಬರ ತುಂಬಿದ ಟ್ರೇಗಳಲ್ಲಿ ಊರಿದೆವು. ಮೇಲೆ ಪ್ಲಾಸ್ಟಿಕ್ ಹೊದಿಸಿದೆವು. ಕಡೆಯ ಟ್ರೇಗೆ ಬರುವಾಗ ಅವನಿಗೆ ನನ್ನ ಒರಟು ಕೈ ನೋಡಿ ತಡೆಯಲಾಗಲಿಲ್ಲ. “ಸರಿ ಅತ್ತಾಗ, ಬ್ಲೌಸ್ ಹೊಲಿಯೂ ಕೈ ಅದು!” ಎಂದು ತಾನೇ ಕುಳಿತ. ಅವನು ಊರಿದ ಸಸಿ ನೆಟ್ಟಗೆ ನಿಂತವು.

ಅಲ್ಲಿಂದ ಮಾಮಾ ನರ್ಸರಿ ಬಿಟ್ಟು ಕದಲಲಿಲ್ಲ. ಹಳೆಯ ಗೆಳೆಯರು ಹರಟೆಗೆ ಕರೆದರೆ ಹೋಗಲಿಲ್ಲ. ಸಸಿಗಳು ಮೊದಲು ಹಸಿರಾಗಿದ್ದವು. ಆಮೇಲೆ ಒಂದು ಮೋಡದ ವಾರ ಬಂತು, ಟ್ರೇಗಳಲ್ಲಿ ತೇವ ಹೆಚ್ಚಿತು. ಒಂದು ಮೂಲೆಯಲ್ಲಿ ಬುಡ ಕಪ್ಪಾಗಿ ಸಸಿಗಳು ಒಂದೊಂದಾಗಿ ಒರಗತೊಡಗಿದವು. ಬಾಜೂ ಹೊಲದವನು ಬಂದು ನೋಡಿ, “ಬೂಜಿನ ಔಷಧ ಹೊಡಿರಿ, ಇಲ್ಲಂದ್ರ ನಾಳಿಗೆ ಎಲ್ಲಾ ಹೋಗ್ತಾವ,” ಎಂದು ಡಬ್ಬಿಯನ್ನೇ ಕೊಟ್ಟುಹೋದ.

ಆ ಔಷಧಕ್ಕೆ ಕೆಟ್ಟ ಬೂಜು, ಒಳ್ಳೆಯ ಬೂಜು ಎಂಬ ಭೇದ ಗೊತ್ತಿಲ್ಲ. ಹೊಡೆದರೆ ಬೇರಿಗೆ ಕಾವಲಿದ್ದವರೂ ಸಾಯುತ್ತಾರೆ. ಇದನ್ನು ಊರಿಗೆಲ್ಲ ಸಾರಿದ ಮನುಷ್ಯನೇ ಅಂದು ಪಂಪಿಗೆ ನೀರು ತುಂಬಿ, ಡಬ್ಬಿಯ ಮುಚ್ಚಳ ಬಿಚ್ಚಿ ಕುಳಿತಿದ್ದ. “ಈ ಸಲಾನೂ ನನ್ನ ಕೈಯಾಗ ಸತ್ವು ಅಂದ್ರ ಆಕಿ ಮಾರಿ ಹೆಂಗ ನೋಡ್ಲಿ?” ಎಂದ.

ಡಬ್ಬಿ ಕಸಿದುಕೊಂಡವಳು ಯಾರು ಅಂತೀರಿ? ನಮ್ಮ ಫಿನೈಲ್ ಅತ್ತಿ!

“ಏನ್ರಿ, ಒಳಗ ಅವರು ಅದಾರ. ಮ್ಯಾಲ ವಿಷಾ ಹೊಡದ್ರ ಅವರ ಗತಿ ಏನು? ಇಷ್ಟ ದಿನಾ ಬೆಲ್ಲಾ ಹಾಕಿ ಸಾಕಿದ್ದು ಯಾತಕ್ಕ? ಕಷ್ಟದಾಗ ಕೈ ಬಿಡಾಕೇನು?”

ಅತ್ತಿಯ ಬಾಯಲ್ಲಿ ‘ಅವರು’! ಮಾಮಾ ಪಂಪು ಬದಿಗಿಟ್ಟು ಎದ್ದ. ಆಮೇಲೆ ಮೂವರೂ ಸೇರಿ ಕೊಳೆತ ಸಸಿಗಳನ್ನು ಕಿತ್ತು ದೂರ ಒಯ್ದು ಸುಟ್ಟೆವು. ಪ್ಲಾಸ್ಟಿಕ್ಕಿನ ಅಂಚು ಎತ್ತಿ ಗಾಳಿ ಬಿಟ್ಟೆವು, ನೀರು ಕಡಿಮೆ ಮಾಡಿದೆವು. ಉಳಿದ ಬುಡಗಳಿಗೆ ಮತ್ತೊಮ್ಮೆ ಜೀವಿಗಳ ನೀರುಣಿಸಿದೆವು. ಇನ್ನು ಕಾಯುವುದೊಂದೇ. ಕೊಳೆ ಮರುದಿನವೂ ಎರಡು ಸಸಿ ತಿಂದಿತು, ಆಮೇಲೆ ಒಂದು. ಆಮೇಲೆ ನಿಂತಿತು. ಮೋಡ ಸರಿದು ಬಿಸಿಲು ಬಿದ್ದ ಮೇಲೆ ಹೋಗಿ ನೋಡಿದರೆ, ಪ್ರತಿ ಸಸಿಯ ನಡುವಿನಿಂದ ಸುರುಳಿ ಸುತ್ತಿದ ಹೊಸ ಎಲೆ ಹೊರಟಿತ್ತು. ಬಾಟಲಿಯಲ್ಲಿ ಹುಟ್ಟಿದ ಎಲೆಯಲ್ಲ, ಇಲ್ಲಿಯೇ ನಮ್ಮ ಕೊಣ್ಣೂರ ಗಾಳಿಯಲ್ಲಿ ಹುಟ್ಟಿದ್ದು. ನಾನು ಫೋಟೋ ತೆಗೆದು ನೀಲಾಳಿಗೆ ಕಳಿಸಿದೆ. ನೋಡಿದಳು ಎಂದು ಫೋನು ತೋರಿಸಿತು. ಉತ್ತರ ಬರಲಿಲ್ಲ.

ಎರಡು ವಾರ ಕಳೆದ ಮೇಲೆ ಒಂದು ರವಿವಾರ ಹೊತ್ತೇರಿದಾಗ ನಾನು ಪರದೆಯ ಹರಕು ಹೊಲಿಯುತ್ತ ಕುಳಿತಿದ್ದೆ. ಬೇಲಿಯ ಆಚೆ ಬಸ್ಸು ನಿಂತ ಸದ್ದಾಯಿತು. ನೀಲಾ ಬಂದಳು. ಮೊದಲಿಗಿಂತ ಸೊರಗಿದ್ದಳು. ಮಾಮಾ ನೀರಿನ ಝಾರಿ ಹಿಡಿದವನು ಹಿಡಿದ ಹಾಗೆಯೇ ನಿಂತ. ಆಕೆ ಅವನನ್ನು ದಾಟಿ ಟ್ರೇಗಳ ಹತ್ತಿರ ಹೋದಳು, ಒಂದು ಸಸಿಯನ್ನು ಮಣ್ಣಿನ ಗಟ್ಟಿಯ ಸಮೇತ ಮೆಲ್ಲಗೆ ಎತ್ತಿದಳು. ಸುತ್ತ ಬಿಳಿ ಬೇರು ಹೆಣೆದುಕೊಂಡಿತ್ತು. ಕೊಡವಿದರೂ ಮಣ್ಣು ಉದುರಲಿಲ್ಲ. ಎಷ್ಟೋ ಹೊತ್ತು ನೋಡಿ ಮತ್ತೆ ಅದರ ಜಾಗದಲ್ಲಿಟ್ಟಳು. ಸಸಿ ಮಣ್ಣಿನಲ್ಲಿ ನಿಂತಿದ್ದವು, ಲ್ಯಾಬಿನ ಕಪಾಟು ಆಕೆಗೆ ಉಳಿಯಿತು.

ಆಮೇಲೆ ತಿರುಗಿದಳು.

“ಈ ಪರದಿ ಎಷ್ಟ ದಿನಾ ಆತು ಹರದು? ಮಳಿ ನೀರು ನೆಟ್ಟಗ ಟ್ರೇದಾಗ ಬೀಳೂದಿಲ್ಲೇನು? ಟ್ರೇ ನೆಲದ ಮ್ಯಾಲ ಯಾಕ ಇಟ್ಟೀ, ಕಟ್ಟಿ ಮ್ಯಾಲ ಇಡಾಕ ಆಗೂದಿಲ್ಲ? ಝಾರಿ ತೂತು ನೋಡು ಎಷ್ಟ ದೊಡ್ಡವು! ಅಂಗಿ ನೋಡು, ಮಾರಿ ನೋಡು, ಊಟಾ ಮಾಡ್ತೀಯೋ ಇಲ್ಲೋ?” ಆಕೆಯ ದನಿ ಏರುತ್ತ ಹೋಯಿತು. “ಹೇಳದs ಕೇಳದs ಮುಚ್ಚಳ ತಗೀತಾರೇನು? ಒಂದ ಮಾತು ನನ್ನ ಕೇಳಬೇಕಿಲ್ಲೋ? ಎಲ್ಲಾರ ಮುಂದ ಬಾಟ್ಲಿ ತೊಳದ್ನಿ ನಾ. ಯಾರ ಮುಂದ ಅಳಬೇಕಾಗಿತ್ತು ಹೇಳು? ನಿನ್ನ ಮುಂದ ಅಳೂಣಂದ್ರ ನಿನ್ನ ಕೂಡನs ಮಾತು ಬಿಟ್ಟಿದ್ನಿ!”

ಅತ್ತಿ ಒಳಗಿನಿಂದ ಓಡಿ ಬಂದಳು. “ಸಾಕ ಬಿಡ ನನ್ನವ್ವಾ, ವಯಸ್ಸಾದವ್ರು, ಎಷ್ಟ ಬೈತಿ!”

ಮಾಮಾನ ಗಲ್ಲದ ಮೇಲೆ ನೀರಿಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳದೆ, ಅತ್ತಿಯನ್ನು ಕೈಯಿಂದ ಹಿಂದೆ ಸರಿಸಿದ.

“ನೀ ಸುಮ್ನಿರು. ಭಾಳ ದಿನಾ ಆಗಿತ್ತು ಆಕಿ ದನಿ ಕೇಳಿ,” ಎಂದ. “ಇನ್ನೊಂದೀಟು ಬೈಲಿ.”